ಆಷಾಢದಲ್ಲಿ ಜೇನಿಗೆ ಏನುಂಟು?

ಹೊಸದುರ್ಗ ತಾಲ್ಲೂಕಿನ ಮತ್ತೋಡಿನಂಥ ಒಣಸೀಮೆಯಲ್ಲಿ ಬೇಸಿಗೆ ಜೇನಿಗೆ ಬರಗಾಲವಲ್ಲ. ನಮಗೆ ಕುಡಿಯುವ ನೀರಿನ ಚಿಂತೆ ಹತ್ತುವ ಹೊತ್ತಿಗೇ ಹೊಂಗೆ, ಬೇವು, ನೇರಳೆ ಒಂದರ ಹಿಂದೊಂದು ಹೂಬಿಡುತ್ತವೆ. ಅವು ಮುಗಿಯುವಷ್ಟರಲ್ಲಿ ಹುಣಸೆಯ ಸರದಿ. ಆಳಕ್ಕೆ ಬೇರಿಳಿಸಿದ ಮರಕ್ಕೆ ಮಳೆಯ ಹಂಗಿಲ್ಲ. ಹಿಂಗಾರಿನ ದಿನಗಳಲ್ಲಿ ಹುಚ್ಚೆಳ್ಳು, ಸೂರ್ಯಕಾಂತಿ, ಅವರೆ, ತೊಗರಿ ಆ ಕೆಲಸ ವಹಿಸಿಕೊಳ್ಳುತ್ತವೆ. ಕಷ್ಟವಿರುವುದು ನಡುವೆ ಬೀಳುವ ಎರಡು ತೆರಪುಗಳಲ್ಲಿ. ಹುಣಸೆ ಹೂ ಉದುರಿದ ಮೇಲೆ ಹುಚ್ಚೆಳ್ಳು ಅರಳುವವರೆಗಿನ ಆಷಾಢ–ಶ್ರಾವಣ ಒಂದು. ತೊಗರಿ ಕೊಯ್ದ ಮೇಲೆ ಹೊಂಗೆ ಹೂಬಿಡುವವರೆಗಿನ ಮಾಘದ ಆಸುಪಾಸು ಇನ್ನೊಂದು. ಜೇನಿಗೆಂದು ಹಿತ್ತಲಲ್ಲಿ ಗಿಡ ನೆಡುವವರು ಯಾವ ಹೂ ಚೆಂದ ಎಂದು ಕೇಳುವ ಮೊದಲು ಈ ಎರಡು ತೆರಪಿನಲ್ಲಿ ಏನು ಅರಳೀತು ಎಂದು ಕೇಳಿಕೊಳ್ಳಬೇಕು. ಗೂಡಲ್ಲಿ ತುಪ್ಪ ಇರುತ್ತದಲ್ಲ, ಎರಡು ತಿಂಗಳು ಅದನ್ನೇ ತಿಂದುಕೊಂಡಿರಲಿ ಎನ್ನಬಹುದು. ಆದರೆ ತುಪ್ಪದಿಂದ ಸಿಗುವುದು ಶಕ್ತಿ ಮಾತ್ರ. ಮರಿಹುಳುಗಳು ಬೆಳೆಯಲು ಬೇಕಾದ ಪ್ರೋಟೀನು ಬರುವುದು ಪರಾಗದಿಂದ. ಮೇವು ತೀರಾ ಕಮ್ಮಿಯಾದರೆ ನಮ್ಮ ತುಡುವೆ ಜೇನು ಗೂಡನ್ನೇ ಬಿಟ್ಟು ಹೋಗುತ್ತದೆ. ಒಂಟಿಯಾಗಿ ಬಾಳುವ ಜೇನುಗಳಿಗಂತೂ ಕೂಡಿಡುವ ತುಪ್ಪವೇ ಇಲ್ಲ. ಜಗತ್ತಿನಲ್ಲಿರುವ 20,000ಕ್ಕೂ ಹೆಚ್ಚು ಜಾತಿಯ ಜೇನುಗಳಲ್ಲಿ ಬಹುಪಾಲು ಇಂಥವೇ.

ನರ್ಸರಿಯಲ್ಲಿ ಮೊದಲು ಕಣ್ಣಿಗೆ ಬೀಳುವ ಗಿಡಗಳು ಈ ಲೆಕ್ಕದಲ್ಲಿ ಬಹಳ ಸಲ ಸೋಲುತ್ತವೆ. ಕಾಗದದ ಹೂವಿನಲ್ಲಿ ಬಣ್ಣ ಹೊತ್ತಿರುವುದು ಎಲೆಗಳು. ನಿಜವಾದ ಹೂ ನಡುವಿನ ಸಣ್ಣ ಕೊಳವೆ, ಅದರ ತಳಕ್ಕೆ ಜೇನಿನ ನಾಲಿಗೆ ಎಟುಕುವುದು ಕಷ್ಟ. ಕಣಗಿಲೆ ಹೂವಿನಲ್ಲಿ ಮಕರಂದವೇ ಇಲ್ಲ. ಅಂದಚೆಂದ ತೋರಿಸಿ ಕೀಟವನ್ನು ಕರೆದು ಬರಿಗೈಯಲ್ಲಿ ಕಳಿಸುವ ಹೂ ಅದು. ಡಬಲ್ ದಾಸವಾಳದಲ್ಲಿ, ಒತ್ತು ದಳದ ಗುಲಾಬಿಯಲ್ಲಿ ಕೇಸರಗಳಾಗಬೇಕಿದ್ದವು ದಳಗಳಾಗಿರುತ್ತವೆ, ಅಂದರೆ ನಮ್ಮ ಕಣ್ಣಿಗೆ ಹೆಚ್ಚಿದಷ್ಟೂ ಜೇನಿಗೆ ಪರಾಗ ಕಮ್ಮಿ. ನೀರುಕಾಯಿ ಮರದ ಹೂವಿನಲ್ಲಿ ನಸರಿ ಜೇನಿನ ಬಳಗದ ಹುಳುಗಳು ಸತ್ತುಬಿದ್ದಿರುವುದನ್ನು ಹಲವು ದೇಶಗಳಲ್ಲಿ ದಾಖಲಿಸಿದ್ದಾರೆ. ಬಣ್ಣದ ವಿಷಯಕ್ಕೆ ಬಂದರೆ, ಜೇನು ನೀಲಿ, ಹಳದಿಗಳನ್ನು ಗುರುತಿಸುತ್ತದೆ, ಆದರೆ ಕೆಂಪು ಅದಕ್ಕೆ ಬಣ್ಣವಾಗಿ ಕಾಣುವುದಿಲ್ಲ ಎಂದು ಕಾರ್ಲ್ ಫಾನ್ ಫ್ರಿಶ್ 20ನೆಯ ಶತಮಾನದ ಆರಂಭದಲ್ಲೇ ಪ್ರಯೋಗದಿಂದ ತೋರಿಸಿದ್ದರು. ಜೇನಿನ ಕುಣಿತದ ಅರ್ಥ ಬಿಡಿಸಿದ್ದಕ್ಕಾಗಿ 1973ರ ನೊಬೆಲ್ ಹಂಚಿಕೊಂಡವರೂ ಅವರೇ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮತ್ತೋಡಿನ ಗಾಜಿನ ಬಳೆಯ ಕೆಲಸವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಆ ಕುಲುಮೆಗಳಿಂದ ಬಂದ ಕೆಂಪು ಬಳೆ ಜೇನಿನ ಕಣ್ಣಿಗೆ ಕರಿಬಳೆಯಂತೆಯೇ ಕಂಡೀತು.

ಹಾಗಾದರೆ ಆಷಾಢಕ್ಕೆ ಯಾವ ಗಿಡ? ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿರುವುದು ಸುಮ್ಮನೆ ಅಲ್ಲ; ಆ ತಿಂಗಳುಗಳಲ್ಲಿ ಗಾಳಿ ಜೋರು, ಗಾಳಿ ಜೋರಾದರೆ ಜೇನಿನ ಹಾರಾಟ ಕಮ್ಮಿ. ಆದ್ದರಿಂದ ಗಿಡದಷ್ಟೇ ಜಾಗವೂ ಮುಖ್ಯ: ಮನೆಯ ಪಡುವಣ ಗಾಳಿ ತಾಗದ ಮೂಡಣ ಮಗ್ಗುಲು ಒಳ್ಳೆಯದು. ಬೇಲಿಗೆ ತಂಗಡಿ ಇರಲಿ. ಯಾರೂ ನೀರು ಹಾಕದೆ ಈ ಸೀಮೆಯ ಬೀಳಿನಲ್ಲಿ ಹಳದಿಯಾಗಿ ನಿಲ್ಲುವ ಈ ಗಿಡದ ಹೂವಿನಲ್ಲಿ ಮಕರಂದವಿಲ್ಲ, ಪರಾಗವಿದೆ, ಅದೂ ತುದಿಯಲ್ಲಿ ಸಣ್ಣ ತೂತಿರುವ ಪರಾಗಕೋಶದೊಳಗೆ. ಒಣಮರ ಕೊರೆದು ಗೂಡು ಮಾಡುವ ದೊಡ್ಡ ಕರಿದುಂಬಿ, ಹೊಟ್ಟೆಯ ಮೇಲೆ ನೀಲಿ ಪಟ್ಟೆಯಿರುವ ಒಂಟಿ ಜೇನು ಹೂವನ್ನು ತಬ್ಬಿ ಮೈ ಗುಂಯ್‌ಗುಡಿಸಿದರೆ ಪರಾಗ ಉದುರುತ್ತದೆ. ತುಡುವೆಗೆ ಈ ವಿದ್ಯೆ ಬರದು. ಬದನೆ, ಟೊಮೆಟೊ ಹೂಗಳಿಗೂ ಇದೇ ಬೀಗ; ಹಾಗಾಗಿ ಬೇಲಿಯ ತಂಗಡಿ ಹಿತ್ತಲಿನ ಬದನೆಕಾಯಿಗೆ ಕೆಲಸದವರನ್ನು ಸಾಕಿಕೊಟ್ಟಂತೆ. ತುಡುವೆಗೂ ನಸರಿಗೂ ಬೇಕಾದ ಮಕರಂದಕ್ಕೆ ತುಳಸಿ, ಕಾಮಕಸ್ತೂರಿ, ಮಳೆ ಬಿದ್ದೊಡನೆ ಏಳುವ ತುಂಬೆ ಇವೆ. ಜಾಗವಿದ್ದರೆ ಒಂದು ಬೋರೆ ಗಿಡ. ತುಳಸಿಯ ಕದಿರನ್ನು ಚಿವುಟಿದರೆ ಗಿಡ ಹೆಚ್ಚು ಕಾಲ ಬಾಳುತ್ತದೆ, ನಿಜ. ಕಟ್ಟೆಯ ತುಳಸಿಯನ್ನು ಚಿವುಟಿ, ಹಿತ್ತಲಿನದನ್ನು ಬಿಟ್ಟರಾಯಿತು.

ಮಾಘದ ತೆರಪು ತುಂಬುವುದು ಇನ್ನೂ ಸುಲಭ, ಏಕೆಂದರೆ ಅದಕ್ಕೆ ಬೇಕಾದ ಬೀಜ ಅಡುಗೆಮನೆಯಲ್ಲೇ ಇದೆ. ಕೊತ್ತಂಬರಿ, ಸಬ್ಬಸಿಗೆ, ಸಾಸಿವೆ, ಮೂಲಂಗಿಯ ಒಂದೊಂದು ಪಾತಿಯನ್ನು ಕೀಳದೆ ಹೂವಿಗೆ ಬಿಟ್ಟರೆ ಸಾಕು. ಇವುಗಳ ಹೂ ಸಣ್ಣವು, ಬಾಯಿ ತೆರೆದವು. ಗಿಡ್ಡ ನಾಲಿಗೆಯ ಕೋಲುಜೇನು, ನಸರಿಗಳಿಗೂ ಮಕರಂದ ಎಟುಕುತ್ತದೆ. ನುಗ್ಗೆಯೂ ಅದೇ ಹೊತ್ತಿಗೆ ಹೂವೇರುತ್ತದೆ. ಒಂದೊಂದು ಜಾತಿಯನ್ನೂ ಗುಂಪಾಗಿ ಬೆಳೆಯುವುದು ಮೇಲು, ಏಕೆಂದರೆ ಜೇನು ಒಂದು ಹಾರಾಟದಲ್ಲಿ ಸಾಮಾನ್ಯವಾಗಿ ಒಂದೇ ಜಾತಿಯ ಹೂವಿಗೆ ಅಂಟಿಕೊಳ್ಳುತ್ತದೆ. ಹತ್ತು ಕುಂಡದಲ್ಲಿ ಹತ್ತು ಬಗೆ ಇಡುವುದು ನೋಡುವವರಿಗೆ ಸೊಗಸು, ಜೇನಿಗೆ ಅಲೆದಾಟ. ರಾಗಿ ಹೊಲದ ಅಕ್ಕಡಿ ಸಾಲು ಕಟ್ಟಿದ ರೈತರು ಹುಚ್ಚೆಳ್ಳು, ಅವರೆ, ಸಾಸಿವೆಯನ್ನು ಸಾಲುಸಾಲಾಗಿ ಹಾಕಿದ್ದು ಜೇನಿಗಾಗಿ ಅಲ್ಲದಿರಬಹುದು, ಆದರೆ ಜೇನಿಗೆ ಅದಕ್ಕಿಂತ ಒಳ್ಳೆಯ ತೋಟವಿಲ್ಲ. ತನ್ನ ಹೂವಿನ ಪರಾಗದಿಂದ ತಾನು ಕಾಳುಕಟ್ಟದ ಹುಚ್ಚೆಳ್ಳಿಗೂ ಜೇನು ಬೇಕೇ ಬೇಕು.

ಸುತ್ತಲೂ ತೆಂಗಿನ ತೋಟವಿದೆ, ವರ್ಷವಿಡೀ ಹೊಂಬಾಳೆ ಬಿಚ್ಚುತ್ತಲೇ ಇರುತ್ತದೆ, ಇನ್ನೇನು ಬೇಕು ಎಂಬುದು ತೂಕವಿರುವ ಆಕ್ಷೇಪ. ತೆಂಗು ಜೇನನ್ನು ಉಳಿಸುತ್ತದೆ, ಅನುಮಾನವಿಲ್ಲ. ಆದರೆ ಒಂದೇ ಬಗೆಯ ಪರಾಗ ತಿಂದ ಜೇನಿಗಿಂತ ಹಲವು ಬಗೆಯದನ್ನು ತಿಂದ ಜೇನಿನಲ್ಲಿ ರೋಗಾಣುಗಳಿಂದ ಗೂಡನ್ನು ಕಾಯುವ ಕಿಣ್ವವೊಂದರ ಚಟುವಟಿಕೆ ಹೆಚ್ಚಿತ್ತೆಂದು ಫ್ರಾನ್ಸಿನ ಸಂಶೋಧಕರು 2010ರಲ್ಲಿ ವರದಿ ಮಾಡಿದರು. ಅವರು ನೋಡಿದ್ದು ಯುರೋಪಿನ ಜೇನನ್ನು. ಆದರೂ 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಕರ್ನಾಟಕದ ತುಡುವೆ ಪೆಟ್ಟಿಗೆಗಳನ್ನು ಖಾಲಿ ಮಾಡಿದ್ದನ್ನು ಕಂಡವರು ಇದನ್ನು ಹಗುರವಾಗಿ ತೆಗೆದುಕೊಳ್ಳಲಾರರು. ಹೂ ಹೆಚ್ಚಿದ್ದರೆ ಆ ವೈರಸ್ ಬರುತ್ತಿರಲಿಲ್ಲ ಎಂದು ಹೇಳಲು ಮಾತ್ರ ಆಧಾರವಿಲ್ಲ.

ಹಿತ್ತಲಿಗೆ ಜೇನು ಕರೆದರೆ ಮಕ್ಕಳಿಗೆ ಕಡಿಯುವುದಿಲ್ಲವೇ? ಅಪಾಯ ಇರುವುದು ಹೆಜ್ಜೇನಿನ ಗೂಡಿನ ಬಳಿ. ಅದು ಎತ್ತರದ ಮರ, ಬಂಡೆ, ನೀರಿನ ಟ್ಯಾಂಕು ಹುಡುಕುತ್ತದೆ, ಕೊತ್ತಂಬರಿ ಪಾತಿಯನ್ನಲ್ಲ. ಮೇಯುತ್ತಿರುವ ಜೇನು ಹಿಡಿದು ಅದುಮಿದರೆ ಹೊರತು ಚುಚ್ಚುವುದು ಅಪರೂಪ. ನಸರಿಗೆ ಚುಚ್ಚುವ ಮುಳ್ಳೇ ಇಲ್ಲ. ಸಣ್ಣ ಹಿತ್ತಲಿನಿಂದ ಆಗುವುದೇನು ಎನ್ನುವವರೂ ಈ ನಸರಿಯನ್ನೇ ನೋಡಬೇಕು. ಅದರ ಮೇವಿನ ಹರವು ಕೆಲವು ನೂರು ಮೀಟರು, ಅಂದರೆ ಒಂದು ಕೇರಿ. ಕಿಲೋಮೀಟರುಗಟ್ಟಲೆ ಹಾರುವ ಹೆಜ್ಜೇನಿಗೆ ನಿಮ್ಮ ಹಿತ್ತಲು ಲೆಕ್ಕಕ್ಕಿಲ್ಲದಿರಬಹುದು, ನಸರಿಗೆ ಅದು ಸೀಮೆಯ ಒಂದು ಪಾಲು. ಅದು ಗೂಡು ಕಟ್ಟುವುದೂ ಹಳೆಯ ಗೋಡೆಯ ಸಂದು, ಮರದ ಪೊಟರೆಗಳಲ್ಲಿ. ನೀಲಿ ಪಟ್ಟೆಯ ಜೇನಿಗೆ ಮಣ್ಣು ಬೇಕು. ಅಂಗಳ ಪೂರ್ತಿ ಸಿಮೆಂಟಾಗಿ, ಗೋಡೆ ಪೂರ್ತಿ ಗಾರೆಯಾಗಿ, ಹೂಗಿಡ ಮಾತ್ರ ಉಳಿದರೆ ಊಟವಿಟ್ಟು ಮನೆ ಕಿತ್ತುಕೊಂಡ ಹಾಗೆ. ಔಷಧಿಯ ವಿಷಯವೂ ಇದೆ. ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕ ಗಿಡದೊಳಗೆ ಹರಿದು ಪರಾಗ, ಮಕರಂದಕ್ಕೂ ಸೇರುತ್ತದೆ. ಐರೋಪ್ಯ ಒಕ್ಕೂಟ 2018ರಲ್ಲಿ ಅದರ ಬಯಲು ಬಳಕೆಯನ್ನು ನಿಷೇಧಿಸಿದ್ದು ಜೇನಿನ ಕಾರಣಕ್ಕೇ. ಪಕ್ಕದ ದಾಳಿಂಬೆ ತೋಟದವರು ಸಿಂಪಡಣೆಯನ್ನು ಸಂಜೆಗೆ ಹಾಕಿಕೊಂಡರೆ ಸ್ವಲ್ಪ ಮೇಲು, ಆದರೆ ಇಂಥ ಔಷಧಿಗೆ ಸಂಜೆಯೊಂದೇ ಪರಿಹಾರವಲ್ಲ. ಕೊನೆಗೆ, ನಾಟಿ ಗಿಡವೇ ಆಗಬೇಕೆಂಬ ಹಟವೂ ಬೇಡ. ಬದುವಿನ ಮೇಲೆ ಬಹುಕಾಲ ಅರಳುವ ಗಬ್ಬುಶಾವಂತಿಯ ತವರು ಅಮೆರಿಕ ಖಂಡ, ಸೂರ್ಯಕಾಂತಿಯದೂ ಅಷ್ಟೇ. ನಸರಿ ಎರಡರ ಮೇಲೂ ಕೂರುತ್ತದೆ.