ಕೇಳಿದವರ ಋಣ

ಹರಿಕಥೆಯ ನಡುವೆ, ಕಥೆಯು ರಸದ ತುದಿಯನ್ನು ಮುಟ್ಟಿದ ಗಳಿಗೆಯನ್ನೇ ನೋಡಿಕೊಂಡು, ದಾಸರು ಚಿಪ್ಳಿಯನ್ನು ತಡೆದು ಮಂಗಳಾರತಿಯ ತಟ್ಟೆಯನ್ನು ಸಭೆಯೊಳಗೆ ಕಳುಹಿಸುತ್ತಿದ್ದ ಪದ್ಧತಿಯನ್ನು ಹಳೆಯ ತಲೆಮಾರಿನವರು ಮರೆತಿರಲಾರರು. ತಟ್ಟೆಯು ಸಾಲಿನಿಂದ ಸಾಲಿಗೆ ಸಾಗುತ್ತಿರಲು ಕೆಲವರು ಜೇಬಿಗೆ ಕೈಹಾಕುವರು. ಕೆಲವರು ಆರತಿಯನ್ನು ಮಾತ್ರ ಕಣ್ಣಿಗೊತ್ತಿಕೊಂಡು ತಟ್ಟೆಯನ್ನು ಪಕ್ಕದವರ ಕಡೆಗೆ ಸರಿಸುವರು. ಇನ್ನು ಕೆಲವರಿಗೆ ಸರಿಯಾಗಿ ಆ ಹೊತ್ತಿಗೇ ಹೊರಗೆ ಬಿಟ್ಟುಬಂದ ಚಪ್ಪಲಿಯ ನೆನಪಾಗುವುದು. ಕೊಟ್ಟವರಿಗಾಗಲಿ ಕೊಡದವರಿಗಾಗಲಿ, ಆ ಕಾಸು ಯಾರ ಕಂಠಕ್ಕೆ ಸಲ್ಲತಕ್ಕದ್ದೆಂಬುದು ಕಣ್ಣೆದುರಿಗೇ ನಿಂತಿರುತ್ತಿತ್ತು. ಸಂಗೀತವನ್ನು ಕದ್ದು ಕೇಳುವುದು ತಪ್ಪೇ, ರಸಿಕನು ಕಲಾವಿದನಿಗೆ ಹಣ ಕೊಡಲೇಬೇಕೇ ಎಂದು ಈಚಿನ ದಿನಗಳಲ್ಲಿ ನಡೆಯುವ ವಾದಗಳನ್ನು ಕೇಳುವಾಗಲೆಲ್ಲ ನನಗೆ ಆ ತಟ್ಟೆಯ ನೆನಪಾಗುತ್ತದೆ. ಕೊಡುವ ಮನಸ್ಸು ಜನರಲ್ಲಿ ಬತ್ತಿಹೋಗಿದೆಯೆಂದು ನಾನು ನಂಬುವವನಲ್ಲ; ಕೇಳುವ ಕಿವಿಗೂ ಹಾಡುವ ಕಂಠಕ್ಕೂ ನಡುವಣ ದಾರಿ ಮಾತ್ರ ಬಹು ದೀರ್ಘವಾಗಿದೆ.

ಕದ್ದು ಕೇಳುವ ಅಪರಾಧದಲ್ಲಿ ನಾನೂ ಪಾಲುಗಾರನೇ. ಕ್ಯಾಸೆಟ್ಟುಗಳ ಕಾಲದಲ್ಲಿ ನಮ್ಮೂರಿನ ಬಸ್ ನಿಲ್ದಾಣದ ಬಳಿ ಒಂದು ರೆಕಾರ್ಡಿಂಗ್ ಅಂಗಡಿಯಿತ್ತು. ನೋಟ್‌ಬುಕ್ಕಿನ ಹಾಳೆಯೊಂದರಲ್ಲಿ ಬೇಕಾದ ಹಾಡುಗಳ ಪಟ್ಟಿಯನ್ನು ಬರೆದು, ಅರುವತ್ತು ನಿಮಿಷದ್ದೋ ತೊಂಬತ್ತು ನಿಮಿಷದ್ದೋ ಒಂದು ಖಾಲಿ ಕ್ಯಾಸೆಟ್ಟಿನೊಡನೆ ಕೊಟ್ಟುಬಂದರೆ, ಮರುದಿನ ಸಂಜೆಯ ಹೊತ್ತಿಗೆ ಎರಡು ಬದಿಯೂ ತುಂಬಿ ಸಿದ್ಧವಾಗಿರುತ್ತಿತ್ತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳನ್ನು ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ಮನೆಮನೆಗೆ ಮುಟ್ಟಿಸಿದ ‘ನಿತ್ಯೋತ್ಸವ’ವು ಕನ್ನಡ ಸುಗಮ ಸಂಗೀತದ ಮೊದಲ ಧ್ವನಿಸುರುಳಿಯೆಂದು ಪ್ರಸಿದ್ಧವಾದುದು; ಅದು ನನ್ನ ಮನೆಗೆ ಬಂದದ್ದು ಆ ಅಂಗಡಿಯ ಯಂತ್ರದಲ್ಲಿ ಹುಟ್ಟಿದ ಪ್ರತಿಯಾಗಿಯೇ. ಕದ್ದೆನೆಂಬ ಭಾವನೆ ನನ್ನಲ್ಲಿ ಲವಲೇಶವೂ ಇರಲಿಲ್ಲ. ಇರುವುದಾದರೂ ಹೇಗೆ? ಹಣ ಕೊಟ್ಟಿದ್ದೆನಲ್ಲ! ಕವಿಗಲ್ಲ, ಗಾಯಕನಿಗಲ್ಲ, ಅಂಗಡಿಯವನಿಗೆ ಕೊಟ್ಟಿದ್ದೆನೆಂಬ ವ್ಯತ್ಯಾಸವು ಹೊಳೆಯಲು ನನಗೆ ಅನೇಕ ವರ್ಷಗಳೇ ಬೇಕಾದವು.

ಈ ವ್ಯತ್ಯಾಸವನ್ನು ಮೊತ್ತಮೊದಲು ನ್ಯಾಯಸ್ಥಾನದ ಮೆಟ್ಟಿಲಿಗೆ ತಂದವರಲ್ಲಿ ಫ್ರಾನ್ಸ್ ದೇಶದ ಅರ್ನೆಸ್ತ್ ಬೂರ್ಜೆ ಎಂಬ ಗೀತಕಾರನ ಹೆಸರು ಸ್ಮರಣೀಯವಾದುದು. 1847ರಲ್ಲಿ ಆತನು ಪ್ಯಾರಿಸ್ಸಿನ ಶಾಂಜೆಲಿಜೆ ಬೀದಿಯ ಒಂದು ಪಾನಗೃಹದಲ್ಲಿ ಮಿತ್ರರೊಡನೆ ಕುಳಿತಿದ್ದಾಗ ಅಲ್ಲಿಯ ವಾದ್ಯಗಾರರು ಆತನ ಕೃತಿಯನ್ನೇ ನುಡಿಸುತ್ತಿದ್ದರು. ಕುಡಿದದ್ದು ಸಕ್ಕರೆ ನೀರು. ಬಿಲ್ಲು ಬಂದಾಗ ಬೂರ್ಜೆ ಹಣ ಕೊಡಲೊಪ್ಪಲಿಲ್ಲ. ನನ್ನ ಹಾಡನ್ನು ನೀವು ಬಿಟ್ಟಿಯಾಗಿ ಅನುಭವಿಸುವುದಾದರೆ ನಿಮ್ಮ ಪಾನಕವನ್ನು ನಾನೂ ಹಾಗೆಯೇ ಅನುಭವಿಸುವೆನೆಂಬುದು ಆತನ ವಾದದ ತಾತ್ಪರ್ಯ. ವ್ಯಾಜ್ಯವು ಕೋರ್ಟಿಗೆ ಹೋಯಿತು, ಗೆದ್ದವನು ಬೂರ್ಜೆ. ಆ ಗೆಲುವಿನ ಫಲವಾಗಿ 1851ರಲ್ಲಿ ಹುಟ್ಟಿದ ‘ಸಾಸೆಮ್’ ಎಂಬ ಸಂಘವು, ಹಾಡು ಎಲ್ಲೆಲ್ಲಿ ಸಾರ್ವಜನಿಕವಾಗಿ ನುಡಿಯುವುದೋ ಅಲ್ಲೆಲ್ಲ ಶುಲ್ಕವನ್ನು ಸಂಗ್ರಹಿಸಿ ರಚನಕಾರರಿಗೆ ಹಂಚುವ ಕಾರ್ಯವನ್ನು ಇಂದಿಗೂ ನಡೆಸಿಕೊಂಡು ಬರುತ್ತಿದೆ. 1969ರಲ್ಲಿ ನಮ್ಮಲ್ಲಿ ಸ್ಥಾಪಿತವಾದ ಐಪಿಆರ್‌ಎಸ್ ಸಂಸ್ಥೆಯೂ ಅದೇ ವಂಶದ ಕುಡಿ. ಬೂರ್ಜೆಯು ತಕರಾರು ತೆಗೆದದ್ದು ಹಾಡಿನಿಂದ ವ್ಯಾಪಾರ ಬೆಳೆಸಿಕೊಂಡ ಪಾನಗೃಹದ ಒಡೆಯನ ಮೇಲೆಯೇ ಹೊರತು ಪಕ್ಕದ ಮೇಜಿನಲ್ಲಿ ತಲೆದೂಗುತ್ತಿದ್ದ ರಸಿಕನ ಮೇಲಲ್ಲವೆಂಬುದು ಗಮನಿಸತಕ್ಕ ಸಂಗತಿ.

ಯಂತ್ರವು ಬಂದಮೇಲೆ ಹಾಡು ಹಾಡುಗಾರನಿಂದ ಕಳಚಿಕೊಂಡಿತು. 1902ರ ನವೆಂಬರಿನಲ್ಲಿ ಕಲ್ಕತ್ತೆಗೆ ಬಂದ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತನ ತುತ್ತೂರಿಯೊಳಕ್ಕೆ ಗೌಹರ್ ಜಾನ್ ಹಾಡಿದಳು. ಮೂರು ಸಾವಿರ ರೂಪಾಯಿಗಳ ಸಂಭಾವನೆಯನ್ನು ಆಕೆ ಪಡೆದಳೆಂಬ ಪ್ರತೀತಿಯಿದೆ. ಅಂದಿನ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಹಾಡಿನ ಕೊನೆಗೆ ತನ್ನ ಹೆಸರನ್ನು ಆಕೆ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಕೂಗಿ ಹೇಳುವುದು ಆ ಪ್ಲೇಟುಗಳಲ್ಲಿ ಕೇಳಿಸುತ್ತದೆ. ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಹೆಸರು ಹೇಳದಿದ್ದರೆ ಅದು ಯಾರ ಪ್ಲೇಟೆಂದು ಅಲ್ಲಿಯವರಿಗೆ ತಿಳಿಯುವ ಬಗೆಯೇ ಇರಲಿಲ್ಲ. ಸಾವಿರಾರು ಮನೆಗಳಲ್ಲಿ ಹೀಗೆ ತನ್ನ ಹೆಸರನ್ನು ತಾನೇ ಸಾರುತ್ತ ಉಳಿದ ಆ ಗಾಯಕಿಯು ಮಾತ್ರ ಕೋರ್ಟು ಕಚೇರಿಗಳಲ್ಲಿ ಐಶ್ವರ್ಯವನ್ನು ಕಳೆದುಕೊಂಡು, ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿ 17ರಂದು ಇದೇ ನಾಡಿನಲ್ಲಿ ಕಣ್ಣುಮುಚ್ಚಿದಳು. ಒಮ್ಮೆ ಸಂಭಾವನೆ ತೆತ್ತು ಪಡೆದ ಕಂಠವು ಎಷ್ಟು ಕಾಲ ಎಷ್ಟು ಮನೆಗಳಲ್ಲಿ ಹಾಡಿದರೆ ನ್ಯಾಯವೆಂಬ ಪ್ರಶ್ನೆಯು ಅಂದಿನಿಂದಲೇ ಉಳಿದುಬಂದಿದೆ.

ಕಲಾವಿದರೊಳಗೂ ಇದರ ವಿಷಯದಲ್ಲಿ ಏಕಮತವಿರಲಿಲ್ಲ. ಪ್ಲೇಟು ಮಾರಿದಾಗಲೆಲ್ಲ ಗಾಯಕರಿಗೆ ರಾಯಲ್ಟಿ ಸಲ್ಲಬೇಕೆಂದು ಲತಾ ಮಂಗೇಶ್ಕರ್ ಪಟ್ಟುಹಿಡಿದರೆ, ನಿರ್ಮಾಪಕನು ಸಂಭಾವನೆ ಕೊಟ್ಟಮೇಲೆ ನಮ್ಮ ಲೆಕ್ಕ ಮುಗಿಯಿತೆಂದು ಮಹಮ್ಮದ್ ರಫಿ ವಾದಿಸಿದರು. 1960ರ ದಶಕದಲ್ಲಿ ಇವರಿಬ್ಬರೂ ಕೆಲವು ವರ್ಷಗಳ ಕಾಲ ಒಟ್ಟಿಗೆ ಹಾಡಲೇ ಇಲ್ಲ. 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಂಭಾವನೆ ಕೊಟ್ಟು ಬರೆಸಿದ ಚಿತ್ರಗೀತೆಯ ಹಕ್ಕು ಬೇರೆ ಕರಾರಿಲ್ಲದಿದ್ದರೆ ನಿರ್ಮಾಪಕನದೇ ಎಂಬರ್ಥದ ತೀರ್ಪನ್ನಿತ್ತಿತು. ಚಿತ್ರದ ಗೀತರಚನಕಾರರೂ ಸಂಗೀತ ನಿರ್ದೇಶಕರೂ, ತಮ್ಮ ಹಾಡು ಚಿತ್ರಮಂದಿರದ ಹೊರಗೆ ಬಳಕೆಯಾದಾಗ ಬರುವ ರಾಯಲ್ಟಿಯಲ್ಲಿ ಹಕ್ಕಿನ ಒಡೆಯರೊಡನೆ ಸಮಭಾಗಿಗಳೆಂಬ ನಿಯಮವು ಬಂದದ್ದು ಜಾವೇದ್ ಅಖ್ತರ್ ಮೊದಲಾದವರ ಹೋರಾಟದ ತರುವಾಯ, ಹಕ್ಕುಸ್ವಾಮ್ಯ ಕಾಯಿದೆಯ 2012ರ ತಿದ್ದುಪಡಿಯಲ್ಲಿ. ನಡುವಣ ಮೂವತ್ತೈದು ವರ್ಷಗಳಲ್ಲಿ ಅಸಲಿ ಕ್ಯಾಸೆಟ್ಟನ್ನೇ ಕೊಂಡ ಪ್ರಾಮಾಣಿಕ ರಸಿಕನ ಹಣವೂ ಹಾಡು ಬರೆದವನ ಮನೆಯ ಬಾಗಿಲನ್ನು ಮುಟ್ಟಲೇಬೇಕೆಂಬ ಕಟ್ಟು ಇರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯು ಇಲ್ಲಿ ಚೆನ್ನಾಗಿ ಒಪ್ಪುತ್ತದೆ.

ಈ ಗಾದೆಯನ್ನೇ ಕಳ್ಳಪ್ರತಿಯ ಪಕ್ಷಪಾತಿಗಳು ಆಯುಧವಾಗಿ ಹಿಡಿಯುವರು: ಹಣವೆಲ್ಲ ಕಂಪನಿಯ ಹೊಟ್ಟೆಗೆ ಹೋಗುವುದಾದರೆ ನಾನೇಕೆ ಕೊಡಲಿ? 1999ರಲ್ಲಿ ಅಮೆರಿಕದ ಶಾನ್ ಫ್ಯಾನಿಂಗ್ ಎಂಬ ಹದಿಹರೆಯದ ವಿದ್ಯಾರ್ಥಿಯು, ಒಬ್ಬರ ಕಂಪ್ಯೂಟರಿನಲ್ಲಿದ್ದ ಹಾಡನ್ನು ಮತ್ತೊಬ್ಬರು ಬಿಟ್ಟಿಯಾಗಿ ಪಡೆಯಬಹುದಾದ ‘ನ್ಯಾಪ್‌ಸ್ಟರ್’ ವ್ಯವಸ್ಥೆಯನ್ನು ರಚಿಸಿದಾಗ ಕೋಟ್ಯಂತರ ಜನ ಈ ಮಾತನ್ನಾಡಿಯೇ ಅದನ್ನು ಅಪ್ಪಿಕೊಂಡರು. ಮರುವರ್ಷ ಮೆಟಾಲಿಕಾ ಎಂಬ ವಾದ್ಯವೃಂದವು ಮೊಕದ್ದಮೆ ಹೂಡಿ, ತನ್ನ ಹಾಡುಗಳನ್ನು ಹಂಚಿಕೊಂಡ ಮೂರು ಲಕ್ಷಕ್ಕೂ ಮಿಕ್ಕವರ ಹೆಸರುಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಕಂಪನಿಯ ಬಾಗಿಲಿಗೆ ಹೊರಿಸಿತು. 2001ರ ಜುಲೈ ಹೊತ್ತಿಗೆ ನ್ಯಾಪ್‌ಸ್ಟರ್ ಮುಚ್ಚಿತು. ಆದರೆ ಗೆದ್ದವರ ಮೇಲೆ ಜನರಿಗೆ ಪ್ರೀತಿ ಹುಟ್ಟಲಿಲ್ಲ. ಅದೇ ವೃಂದವು 1982ರಲ್ಲಿ, ಹೆಸರಿಲ್ಲದ ಹುಡುಗರ ಗುಂಪಾಗಿದ್ದ ಕಾಲದಲ್ಲಿ, ಅಭಿಮಾನಿಗಳು ಕೈಯಿಂದ ಕೈಗೆ ನಕಲು ಮಾಡಿ ಹಂಚಿದ ಕ್ಯಾಸೆಟ್ಟಿನಿಂದಲೇ ಬೆಳಕಿಗೆ ಬಂದದ್ದೆಂಬುದು ಅವರಿಗೆ ಚೆನ್ನಾಗಿ ನೆನಪಿತ್ತು. ಆದರೂ ನನ್ನ ಮನಸ್ಸು ಮೆಟಾಲಿಕಾದ ಕಡೆಗೇ ತುಸು ವಾಲುತ್ತದೆ. ತಾನಾಗಿ ಹಂಚುವುದಕ್ಕೂ, ಕೇಳದೆ ಕಿತ್ತುಕೊಳ್ಳುವುದಕ್ಕೂ ಅಂತರವಿದೆ. ಪೂಜಾರಿಯು ಲೋಭಿಯೆಂಬ ಕಾರಣಕ್ಕೆ ಹುಂಡಿಯನ್ನೊಡೆದವನು ಭಕ್ತನಾಗಲಾರನು.

ಆ ಹುಂಡಿಯ ಬದಲು ಮಂಗಳಾರತಿಯ ತಟ್ಟೆಯನ್ನೇ ಮುಂದೊಡ್ಡಿದವರು ಇಂಗ್ಲೆಂಡಿನ ರೇಡಿಯೊಹೆಡ್ ವೃಂದದವರು. ಧ್ವನಿಮುದ್ರಣ ಕಂಪನಿಯೊಡನೆ ತಮಗಿದ್ದ ಕರಾರು ಮುಗಿದು ಸ್ವತಂತ್ರರಾದ ಅವರು, 2007ರ ಅಕ್ಟೋಬರ್ 10ರಂದು ‘ಇನ್ ರೇನ್‌ಬೋಸ್’ ಎಂಬ ಗೀತಗುಚ್ಛವನ್ನು ತಮ್ಮದೇ ಜಾಲತಾಣದಲ್ಲಿಟ್ಟು, ಬೆಲೆಯ ಜಾಗವನ್ನು ಖಾಲಿ ಬಿಟ್ಟು, ನಿಮಗೆ ತೋಚಿದ್ದನ್ನು ಬರೆಯಿರೆಂದರು. ಸೊನ್ನೆಯನ್ನು ಬರೆದವರು ಬಹಳ, ಕೊಟ್ಟವರೂ ಕಡಮೆಯಲ್ಲ. ಹಿಂದಿನ ಗುಚ್ಛಗಳೆಲ್ಲ ಸೇರಿ ಅಂತರ್ಜಾಲದಿಂದ ತಂದುದಕ್ಕಿಂತ ಇದೊಂದೇ ಹೆಚ್ಚು ತಂದಿತೆಂದು ಗಾಯಕ ಥಾಮ್ ಯಾರ್ಕ್ ಹೇಳಿಕೊಂಡನು. ಹಳೆಯ ಕರಾರಿನಲ್ಲಿ ಅಂತರ್ಜಾಲದ ಮಾರಾಟಕ್ಕೆ ಅವರಿಗೆ ಪಾಲೇ ಇರಲಿಲ್ಲವೆಂಬುದು ಅದರ ಹಿಂದಿನ ಗುಟ್ಟು. ಕೆಲವೇ ತಿಂಗಳಲ್ಲಿ ಅದೇ ಸಂಗೀತವು ಸಿಡಿಯಾಗಿ ಅಂಗಡಿಗೆ ಬಂದಾಗ ಇಂಗ್ಲೆಂಡ್ ಅಮೆರಿಕಗಳೆರಡರಲ್ಲೂ ಮಾರಾಟದ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ನನ್ನನ್ನು ಬೆರಗುಗೊಳಿಸುವುದು ಬೇರೊಂದು ವಿವರ. ಸೊನ್ನೆ ಬರೆದರೂ ನ್ಯಾಯವಾಗಿಯೇ ದೊರೆಯುತ್ತಿದ್ದ ಈ ಸಂಗೀತವನ್ನು, ತಮಗೆ ರೂಢಿಯಾದ ಕಳ್ಳದಾರಿಯಿಂದಲೇ ಇಳಿಸಿಕೊಂಡವರು ಲಕ್ಷಗಟ್ಟಲೆ ಇದ್ದರು. ಅವರನ್ನು ಅಲ್ಲಿಗೆ ಕರೆದೊಯ್ದದ್ದು ಲೋಭವಲ್ಲ, ಕಾಲಿಗೆ ಪಳಗಿದ ಹಾದಿ.

ಆ ಪಳಗಿದ ಹಾದಿಯನ್ನು ನೆಟ್ಟಗೆ ತಮ್ಮ ಅಂಗಳಕ್ಕೆ ತಿರುಗಿಸಿಕೊಂಡವರು 2008ರಲ್ಲಿ ಸ್ವೀಡನ್ನಿನಲ್ಲಿ ತೆರೆದು 2019ರಲ್ಲಿ ಭಾರತಕ್ಕೆ ಬಂದ ಸ್ಪಾಟಿಫೈ ಮೊದಲಾದವರು. ಕದಿಯುವುದಕ್ಕಿಂತ ಸುಲಭವಾದುದನ್ನು ಒದಗಿಸಿದ್ದರಿಂದ ಕದಿಯುವವರು ಕಡಮೆಯಾದರು. ಆದರೆ ಇಲ್ಲಿಯ ಲೆಕ್ಕದ ಮರ್ಮವನ್ನು ಅರಿತವರು ವಿರಳ. ನಾನು ತಿಂಗಳೆಲ್ಲ ಒಬ್ಬ ವೈಣಿಕರನ್ನಷ್ಟೇ ಕೇಳಿದರೆ ನನ್ನ ಚಂದಾ ಹಣ ಅವರಿಗೆ ಹೋಗುವುದೆಂದು ತಿಳಿಯುವುದು ಸಹಜ, ನಡೆಯುವುದು ಹಾಗಲ್ಲ. ದೇಶದ ಚಂದಾದಾರರೆಲ್ಲರ ಹಣವೂ ಒಂದೇ ಕೊಪ್ಪರಿಗೆಗೆ ಬಿದ್ದು, ಕಂಪನಿಯು ತನ್ನ ಪಾಲನ್ನು ತೆಗೆದುಕೊಂಡಮೇಲೆ, ಒಟ್ಟು ಕೇಳಿಕೆಯಲ್ಲಿ ಯಾರ ಹಾಡಿಗೆ ಎಷ್ಟು ಪಾಲೆಂದು ಎಣಿಸಿ ಹಂಚಲ್ಪಡುವುದರಿಂದ, ನನ್ನ ರೂಪಾಯಿಯ ಬಹುಭಾಗವು ನಾನು ಎಂದೂ ಕೇಳದ, ಕೇಳಲು ಇಚ್ಛಿಸದ ಜನಪ್ರಿಯ ಗೀತೆಗಳ ಕಡೆಗೆ ಹರಿಯುತ್ತದೆ. 2024ರಿಂದೀಚೆಗೆ, ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಬಾರಿಯಾದರೂ ಕೇಳಲ್ಪಡದ ಹಾಡಿನ ಧ್ವನಿಮುದ್ರಣಕ್ಕೆ ಸ್ಪಾಟಿಫೈ ಏನನ್ನೂ ಕೊಡುವುದಿಲ್ಲ. ಕೊಂಕಣಿಯಲ್ಲೋ ತುಳುವಿನಲ್ಲೋ ಹಾಡುವ ಹೊಸಬನಿಗೆ ಈ ಸಾವಿರವು ಸಣ್ಣ ಹೊಸ್ತಿಲಲ್ಲ. ಬ್ಯಾಂಡ್‌ಕ್ಯಾಂಪಿನಂತಹ ತಾಣಗಳು ತಮ್ಮ ಪಾಲನ್ನು ಹಿಡಿದುಕೊಂಡು ಉಳಿದುದನ್ನು ನೇರವಾಗಿ ಕಲಾವಿದನ ಕಡೆಗೇ ಕಳುಹಿಸುವುದುಂಟು; ನಾನು ಈಚೆಗೆ ಸಂಗೀತವನ್ನು ಕೊಳ್ಳುವುದಾದರೆ ಅಂತಹ ಕಡೆಯಲ್ಲಿ, ಇಲ್ಲವೆ ಕಚೇರಿ ಮುಗಿದಮೇಲೆ ವೇದಿಕೆಯ ಪಕ್ಕದ ಮೇಜಿನಲ್ಲಿ.

ಕಳೆದ ವರ್ಷ ಒಂದು ಮನೆಯಂಗಳದ ಕಚೇರಿಗೆ ಹೋಗಿದ್ದೆ. ಟಿಕೆಟ್ಟಿರಲಿಲ್ಲ, ತಂಬೂರಿಯ ಬಳಿ ಯುಪಿಐ ಚೌಕದ ಚೀಟಿಯೊಂದನ್ನು ಒರಗಿಸಿಟ್ಟು, ಮನಸ್ಸಿದ್ದವರು ಕೊಡಬಹುದೆಂದು ಗಾಯಕಿಯು ಸಂಕೋಚದಿಂದಲೇ ಹೇಳಿದ್ದರು. ತಟ್ಟೆಯು ಹೊಸ ವೇಷದಲ್ಲಿ ಮರಳಿತೆಂದು ನನಗೆ ಸಂತೋಷವಾಯಿತು. ಕಲ್ಯಾಣಿಯ ಆಲಾಪನೆಯು ಏರುತ್ತಿದ್ದಂತೆ ಪಕ್ಕದಲ್ಲಿದ್ದ ಹಿರಿಯರು ಮೊಬೈಲನ್ನು ತೆಗೆದು ಚೀಟಿಯ ದಿಕ್ಕಿಗೆ ಹಿಡಿದರು; ಎಂತಹ ರಸಿಕತೆ, ಮುಗಿಯುವ ತನಕವೂ ಕಾಯಲಾರದೆ ಕೊಡುತ್ತಿದ್ದಾರಲ್ಲ ಎಂದುಕೊಂಡೆ. ಅವರು ಹಾಡನ್ನು ಚಿತ್ರೀಕರಿಸಿಕೊಳ್ಳುತ್ತಿದ್ದರು. ಮಂಗಳ ಹಾಡಿದಮೇಲೆ ನನ್ನ ಕಡೆಗೆ ತಿರುಗಿ, ತುಂಬ ಚೆನ್ನಾಗಿ ಬಂದಿದೆ, ನಿಮಗೂ ಕಳುಹಿಸಲೇ ಸ್ವಾಮಿ, ಎಂದು ವಿನಯದಿಂದ ಕೇಳಿದರು. ನಾನು ನನ್ನ ನಂಬರನ್ನು ಹೇಳಿದೆನೆಂಬುದನ್ನು ಇಲ್ಲಿ ಮರೆಮಾಡಲಾರೆ.