ಹೊಳೆಯಲ್ಲೊಂದು ಗುರುತು

ಚಿತ್ರವನ್ನು ಹಿಡಿಯುವುದು ಒಂದು ಕೆಲಸ. ಹಿಡಿದುದರಲ್ಲಿ ಬೇಕಾದುದನ್ನು ಮರಳಿ ಹುಡುಕುವುದು ಬೇರೊಂದು ಕೆಲಸ. 3 ಗಂಟೆಗಳ ಸಮಾರಂಭವನ್ನು 5 ಕ್ಯಾಮರಾಗಳು ಏಕಕಾಲದಲ್ಲಿ ಹಿಡಿದುವೆನ್ನೋಣ. ಸಂಕಲನಕಾರನ ಮುಂದೆ 15 ಗಂಟೆಗಳ ಚಿತ್ರದ ಹೊಳೆಯೇ ಹರಿದುಬರುತ್ತದೆ. ಬೇಕಾದ ಅರ್ಧ ನಿಮಿಷ ಅದರಲ್ಲಿ ಎಲ್ಲಿದೆಯೆಂದು ಆಮೇಲೆ ಹುಡುಕುವುದಕ್ಕಿಂತ, ಹರಿಯುವಾಗಲೇ ಗುರುತಿಟ್ಟುಕೊಳ್ಳುವುದು ಜಾಣತನವಷ್ಟೆ.

ಅಮೆರಿಕದ ಸಿ.ಬಿ.ಎಸ್. ಸಂಸ್ಥೆಯ ನಿರ್ದೇಶಕನಾಗಿದ್ದ ಟೋನಿ ವರ್ನಾ ಇದನ್ನು ಚೆನ್ನಾಗಿ ಬಲ್ಲವನಾಗಿದ್ದನು. 1963ರ ಡಿಸೆಂಬರ್ 7ರಂದು ಫಿಲಡೆಲ್ಫಿಯದಲ್ಲಿ ಭೂಸೇನೆ ಮತ್ತು ನೌಕಾಸೇನೆಗಳ ಅಕಾಡೆಮಿಗಳಿಗೆ ಅಮೆರಿಕನ್ ಫುಟ್‌ಬಾಲ್ ಪಂದ್ಯ. ಅಧ್ಯಕ್ಷ ಕೆನೆಡಿಯವರ ಹತ್ಯೆಯ ದೆಸೆಯಿಂದ ಒಂದು ವಾರ ಮುಂದೂಡಲ್ಪಟ್ಟಿದ್ದ ಪಂದ್ಯವದು. ಆಗತಾನೆ ಕಂಡ ಆಟವನ್ನು ಮರುಗಳಿಗೆಯೇ ಮತ್ತೊಮ್ಮೆ ಕಾಣಿಸಬೇಕೆಂಬುದು ವರ್ನಾನ ಹಂಬಲ. ಆದರೆ ಅಂದಿನ ಭಾರಿ ಟೇಪ್ ಯಂತ್ರವನ್ನು ಹಿಂದಕ್ಕೆ ಸುತ್ತಿದರೆ ಆಟದ ಯಾವ ಘಟ್ಟದಲ್ಲಿ ನಿಂತಿತೆಂಬುದು ತಿಳಿಯುತ್ತಿರಲಿಲ್ಲ. ಮತ್ತೆ ಓಡಿಸಿದರೂ ಚಿತ್ರ ನೆಲೆಗೊಳ್ಳಲು ಕೆಲವು ಸೆಕೆಂಡುಗಳು ಬೇಕು. ಆತ ಟೇಪಿನ ಬೇರೊಂದು ಧ್ವನಿಪಥದಲ್ಲಿ ಸಂಜ್ಞೆಗಳನ್ನು ಅಚ್ಚೊತ್ತಿಸಿದನು. ಆಟಗಾರರು ಗುಂಪುಗೂಡಿ ಸಮಾಲೋಚಿಸುವಾಗ ಒಂದು ‘ಬೀಪ್’. ಸಾಲುಗಟ್ಟಿ ನಿಂತಾಗ ಎರಡು.

ಇಲ್ಲಿನ ಸ್ವಾರಸ್ಯವನ್ನು ಗಮನಿಸಬೇಕು. ಯಾವ ಆಟ ಸ್ಮರಣೀಯವಾದೀತೆಂದು ಯಾರಿಗೂ ತಿಳಿಯದ ಹೊತ್ತಿನಲ್ಲಿಯೇ ಗುರುತು ಬೀಳುತ್ತಿತ್ತು. ಅಂದು ಯಂತ್ರ ಹಲವು ಸಲ ಕೈಕೊಟ್ಟಿತು. ಕೊನೆಯ ಘಟ್ಟದಲ್ಲಿ ಭೂಸೇನೆಯ ರೋಲಿ ಸ್ಟಿಚ್‌ವೆ ಚೆಂಡನ್ನು ಗೆರೆ ದಾಟಿಸಿದುದು ಮಾತ್ರ ಮರಳಿ ತೆರೆಗೆ ಬಂದಿತು. ಭೂಸೇನೆ ಇನ್ನೊಮ್ಮೆ ಅಂಕ ಗಳಿಸಲಿಲ್ಲವೆಂದು ವೀಕ್ಷಕ ವಿವರಣೆಗಾರ ಲಿಂಡ್ಸೆ ನೆಲ್ಸನ್ ಜನರಿಗೆ ತಿಳಿಯಹೇಳಬೇಕಾಯಿತು! ನೌಕಾಸೇನೆ 21-15ರಿಂದ ಗೆದ್ದಿತು.

ಈಗ ಚಿತ್ರದ ಪ್ರತಿಯೊಂದು ಫ್ರೇಮಿಗೂ ಗಂಟೆ, ನಿಮಿಷ, ಸೆಕೆಂಡುಗಳ ಟೈಮ್‌ಕೋಡ್ ಉಂಟು; ಗುಂಡಿಯೊತ್ತಿದರೆ ಗುರುತಾಯಿತು. ಆದರೂ ಕಣ್ಣು ಕಂಡ ಮೇಲೆ ತಾನೆ ಬೆರಳು ಚಲಿಸುವುದು? ಆದಕಾರಣ ಅನುಭವಿ ಸಂಕಲನಕಾರರು ಗುರುತಿಗಿಂತ ಕೆಲವು ಸೆಕೆಂಡು ಹಿಂದಿನಿಂದಲೇ ನೋಡತೊಡಗುತ್ತಾರೆ. ಎಲ್ಲೆಡೆಯೂ ಗುರುತಿಟ್ಟರಂತೂ, ಸಾಲುಸಾಲಿಗೂ ಗೆರೆಯೆಳೆದ ವಿದ್ಯಾರ್ಥಿಯ ಪಠ್ಯಪುಸ್ತಕದ ಪಾಡೇ ಸರಿ.

ಸಂಗೀತ ಕಛೇರಿಯೊಂದರಲ್ಲಿ ಚಪ್ಪಾಳೆಯನ್ನು ಗುರುತಿಸಲು ಯಾರಾದರೂ ಸಾಕು. ಅದಕ್ಕೂ ಮೊದಲು, ತನಿ ಆವರ್ತನದ ಮುಕ್ತಾಯ ಹತ್ತಿರವಾದಂತೆ ಗಾಯಕ ಮೃದಂಗದವರತ್ತ ತಿರುಗಿ ಮುಗುಳ್ನಗುವ ಕ್ಷಣವೊಂದುಂಟು. ಅಲ್ಲಿ ಗುಂಡಿಯೊತ್ತುವವನಿಗೆ ತಾಳ ತಿಳಿದಿರಬೇಕು.