ಮನೆಯ ತಂಪೂ ಬುದ್ಧಿವಂತ ಯಂತ್ರವೂ

ಡೋಣಿಯ ದಂಡೆಯ ಸಾರವಾಡದಲ್ಲಿ ಚೈತ್ರ ಕಳೆಯುವ ಹೊತ್ತಿಗೆ ಎರೆಭೂಮಿಯು ಬಿರಿದು, ಕಾದ ಹಂಚಿನಂತಾಗಿರುತ್ತದೆ. ವಿಜಯಪುರದ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳುಗಳ ಹಗಲಿನ ಉಷ್ಣಮಾನವು 40 ಡಿಗ್ರಿಯನ್ನು ಮುಟ್ಟುವುದು ಅಪರೂಪದ ಸಂಗತಿಯಲ್ಲ. ಈ ಬಿಸಿಲನ್ನು ನಮ್ಮ ಹಿರಿಯರು ಗೋಡೆಯಿಂದಲೂ ಮಾಳಿಗೆಯಿಂದಲೂ ಎದುರಿಸಿದರು. ಎರಡು ಮೊಳದ ಮಣ್ಣಿನ ಗೋಡೆ, ತೊಲೆ ಜಂತಿಗಳ ಮೇಲೆ ದಪ್ಪನಾದ ಮೇಲುಮುದ್ದೆ, ಬಿಸಿಗಾಳಿಯು ಹೊರಬೀಳಲು ನೆತ್ತಿಯ ಮೇಲೊಂದು ಬೆಳಕಿಂಡಿ. ಇಷ್ಟು ಇದ್ದರೆ ಹಗಲಿನ ಝಳವು ಪಡಸಾಲೆಯನ್ನು ಮುಟ್ಟುವಷ್ಟರಲ್ಲಿ ಸೂರ್ಯನು ಮುಳುಗಿರುತ್ತಿದ್ದನು. ಆಮೇಲೆ ಹಾಸಿಗೆಯನ್ನು ಹೊತ್ತು ಮಾಳಿಗೆಯೇರಿದರಾಯಿತು. ಆದಿಲಶಾಹಿ ಅರಸರೇನೋ ಕುಮಟಗಿಯಲ್ಲಿ ಕೆರೆಯ ಮಗ್ಗುಲಿಗೆ ಕಾರಂಜಿಗಳುಳ್ಳ ವಿಹಾರಮಂದಿರಗಳನ್ನೇ ಕಟ್ಟಿಸಿಕೊಂಡರು. ಅದು ಅರಸರ ಮಾತು.

ಈಗ ಮಣ್ಣಿನ ಮಾಳಿಗೆಗಳು ಒಂದೊಂದಾಗಿ ಇಳಿದು ಕಾಂಕ್ರೀಟಿನ ಛತ್ತುಗಳು ಏರುತ್ತಿವೆ. ಇವು ಸೋರುವುದಿಲ್ಲ, ವರುಷವರುಷ ಮಣ್ಣು ಹಾಕಿಸುವ ಕಾಟವಿಲ್ಲ, ನಿಜ. ಆದರೆ ನಾಲ್ಕೈದು ಅಂಗುಲದ ಈ ಛತ್ತು ಹಗಲೆಲ್ಲ ಬಿಸಿಲನ್ನು ಹೀರಿ, ರಾತ್ರಿಯೆಲ್ಲ ಅದನ್ನು ಮಲಗಿದವರ ಮೇಲೆ ಇಳಿಸುತ್ತದೆ. ನನ್ನ ಬಂಧುಗಳ ಮನೆಯೊಂದರಲ್ಲಿ ಆದುದೂ ಇದೇ. ಮನೆಯ ಹಿರಿಯಳಿಗೆ ಎಂಬತ್ತು ದಾಟಿದೆ, ಮಾಳಿಗೆಯ ಮೆಟ್ಟಿಲೇರಲಾರಳು. ವಯಸ್ಸಾದವರಲ್ಲಿ ಬೆವರುವ ಶಕ್ತಿಯೂ ನೀರಡಿಕೆಯ ಅರಿವೂ ಕುಗ್ಗುವುದರಿಂದ, ರಾತ್ರಿಯೂ ಇಳಿಯದ ಸೆಕೆಯು ಅವರಿಗೆ ಪ್ರಾಣಾಪಾಯವನ್ನೇ ತರಬಲ್ಲುದು. ಹೋದ ವರುಷದ ಹಿಂದಿನ ಬೇಸಗೆಯಲ್ಲಿ ಆಕೆ ಎರಡು ಸಲ ತಲೆತಿರುಗಿ ಬಿದ್ದ ಮೇಲೆ, ಮಗನು ಒಂದೂವರೆ ಟನ್ನಿನ ಏಸಿಯನ್ನು ಕೊಂಡು ತಂದನು.

ಸುದ್ದಿ ತಿಳಿದು ಅಮೇರಿಕೆಯಲ್ಲಿರುವ ಮೊಮ್ಮಗನು ಊರಿಗೆ ಬರುವಾಗ ದುಂಡನೆಯ ಯಂತ್ರವೊಂದನ್ನು ಕಾಣಿಕೆಯಾಗಿ ತಂದನು. ಗೋಡೆಗೆ ಹಚ್ಚುವ ಥರ್ಮೋಸ್ಟ್ಯಾಟ್ ಅದು. ಮನೆಯವರ ರೂಢಿಯನ್ನು ತಾನೇ ಕಲಿತು ಉಷ್ಣಮಾನವನ್ನು ಏರಿಳಿಸುವಂಥದು. ಆದರೆ ಅದನ್ನು ಹಚ್ಚಲು ಬಂದ ಮಿಸ್ತ್ರಿಯು ಗೋಡೆಯನ್ನೂ ಯಂತ್ರವನ್ನೂ ನೋಡಿ ತಲೆಯಾಡಿಸಿದನು. ಆ ದೇಶದಲ್ಲಿ ಇಡೀ ಮನೆಗೆ ಒಂದೇ ಕುಲುಮೆ, ಒಂದೇ ತಂಪಿನ ಯಂತ್ರ. ಗೋಡೆಯೊಳಗಿನಿಂದ 24 ವೋಲ್ಟಿನ ಸಣ್ಣ ತಂತಿಗಳು ಬಂದು ಥರ್ಮೋಸ್ಟ್ಯಾಟಿನ ಅಪ್ಪಣೆಯನ್ನು ಅದಕ್ಕೆ ಮುಟ್ಟಿಸುತ್ತವೆ. ನಮ್ಮ ಕೋಣೆಯ ಏಸಿಗೆ ಅಂಥ ತಂತಿಯೇ ಇಲ್ಲ. ಅದರ ಥರ್ಮೋಸ್ಟ್ಯಾಟು ಅದರ ಹೊಟ್ಟೆಯಲ್ಲಿಯೇ ಇದ್ದು, ರಿಮೋಟಿನಿಂದ ಹೊರಡುವ ಕಾಣದ ಬೆಳಕಿನ ಮಾತನ್ನಷ್ಟೇ ಕೇಳುತ್ತದೆ. ಪರದೇಶದಿಂದ ಇಂಥ ವಸ್ತುವನ್ನು ತರಿಸಬೇಕೆನ್ನುವವರು ಇದನ್ನು ಮೊದಲೇ ವಿಚಾರಿಸತಕ್ಕದ್ದು. ಕಾಣಿಕೆಯು ಕಪಾಟನ್ನು ಸೇರಿತು.

ಥರ್ಮೋಸ್ಟ್ಯಾಟ್ ಎಂದರೆ ಉಷ್ಣತೆಯನ್ನು ಒಂದು ಹದದಲ್ಲಿ ನಿಲ್ಲಿಸುವ ಕಾವಲುಗಾರನೆಂದು ತಿಳಿಯಬಹುದು. ಅಮೇರಿಕೆಯ ವಿಸ್ಕಾನ್ಸಿನ್ ಪ್ರಾಂತದಲ್ಲಿ ವಾರೆನ್ ಜಾನ್ಸನ್ ಎಂಬ ಉಪಾಧ್ಯಾಯನಿದ್ದನು. ಕೋಣೆಯ ಶಾಖವನ್ನು ನೋಡಲು ಜವಾನನು ಮೇಲಿಂದ ಮೇಲೆ ಪಾಠದ ನಡುವೆ ಒಳಗೆ ಬರುವುದು ಅವನಿಗೆ ಬೇಸರವನ್ನುಂಟುಮಾಡಿತು. ಆ ಬೇಸರದಿಂದ ಹುಟ್ಟಿದ ವಿದ್ಯುತ್ ಥರ್ಮೋಸ್ಟ್ಯಾಟಿಗೆ 1883ರಲ್ಲಿ ಪೇಟೆಂಟು ದೊರೆಯಿತು. ಹಳೆಯ ಯಂತ್ರಗಳಲ್ಲಿ ಎರಡು ಬೇರೆ ಲೋಹದ ಪಟ್ಟಿಗಳನ್ನು ಬೆಸೆದಿರುತ್ತಿದ್ದರು. ಕಾದಾಗ ಒಂದು ಹೆಚ್ಚು ಹಿಗ್ಗಿ, ಇನ್ನೊಂದು ಕಡಿಮೆ ಹಿಗ್ಗಿ, ಪಟ್ಟಿಯು ಬಾಗಿ ವಿದ್ಯುತ್ತಿನ ದಾರಿಯನ್ನು ತೆರೆಯುವುದು ಇಲ್ಲವೆ ಮುಚ್ಚುವುದು. ನಮ್ಮ ಮನೆಯ ಇಸ್ತ್ರಿಪೆಟ್ಟಿಗೆಯಲ್ಲಿ ಇಂದಿಗೂ ಇದೇ ಯುಕ್ತಿ. ಹೊಸ ಯಂತ್ರದಲ್ಲಿ ಕಾಳಿನಷ್ಟು ಚಿಕ್ಕ ಸಂವೇದಕವು ಕೋಣೆಯ ಶಾಖವನ್ನು ಅಳೆಯುತ್ತದೆ. ಮನುಷ್ಯರ ಚಲನವಲನವನ್ನು ನೋಡುವ ಕಣ್ಣೊಂದು ಜತೆಗಿರುತ್ತದೆ. ಅಪ್ಪಣೆಯು ಕೈಯೊಳಗಿನ ಫೋನಿನಿಂದ ಬರುತ್ತದೆ.

ಇನ್ನು ಸಾರವಾಡದ ಏಸಿಯ ಕಥೆಗೆ ಬರೋಣ. ಮನೆಯ ಹುಡುಗರು ಮೊದಲ ದಿನವೇ ಅದನ್ನು 18 ಡಿಗ್ರಿಗೆ ಇಳಿಸಿದರು. ಅಂಕಿಯನ್ನು ಇಳಿಸಿದಷ್ಟೂ ಕೋಣೆಯು ಬೇಗ ತಣಿಯುವುದೆಂಬ ಭ್ರಮೆಯು ಓದಿದವರಲ್ಲಿಯೂ ಉಂಟು. ಬಿಸಿಯಾದ ಕೋಣೆಯಲ್ಲಿ ಯಂತ್ರವು 18ಕ್ಕೆ ಇಟ್ಟರೂ 25ಕ್ಕೆ ಇಟ್ಟರೂ ಮೊದಲಿಗೆ ತನ್ನ ಪೂರ್ಣ ಬಲದಿಂದಲೇ ದುಡಿಯುತ್ತದೆ. ಭೇದವೆಂದರೆ 18ರ ಗುರಿಯನ್ನು ಮುಟ್ಟಲಾರದೆ ರಾತ್ರಿಯೆಲ್ಲ ಏದುತ್ತದೆ. ಇತ್ತ ಮುದುಕಿಯು ಕೌದಿ ಹೊದ್ದು ನಡುಗುತ್ತಿದ್ದಳು. ಅತ್ತ ತಿಂಗಳ ಕೊನೆಗೆ ಬಂದ ಬಿಲ್ಲಿನಲ್ಲಿ 258 ಯೂನಿಟ್ಟುಗಳು!

ಇಲ್ಲಿ ನಮ್ಮ ರಾಜ್ಯದ ಗೃಹಸ್ಥರು ಗಮನಿಸಬೇಕಾದುದೊಂದಿದೆ. 2023ರ ಜುಲೈಯಿಂದ ನಡೆದುಬಂದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಬಳಕೆಯ ಸರಾಸರಿಯನ್ನು ನೋಡಿ ಉಚಿತದ ಪ್ರಮಾಣವನ್ನು ಗೊತ್ತುಮಾಡಿದ್ದಾರೆ. ಆ ಪ್ರಮಾಣವನ್ನು ಮೀರಿ 200 ಯೂನಿಟ್ಟಿನ ಒಳಗಿದ್ದರೆ ಹೆಚ್ಚಾದುದಕ್ಕಷ್ಟೇ ಹಣ ಕೊಟ್ಟರಾಯಿತು. 200ನ್ನು ದಾಟಿದರೋ, ಇಡೀ ಬಿಲ್ಲು ತಲೆಯ ಮೇಲೆ. ಆದುದರಿಂದ ಏಸಿಯ ಒಂದೆರಡು ಡಿಗ್ರಿಯು ಹಳ್ಳಿಯ ಮನೆಗೆ ಬರಿಯ ಸುಖದ ಪ್ರಶ್ನೆಯಲ್ಲ. ಒಂದು ಡಿಗ್ರಿಯನ್ನು ಏರಿಸಿದರೆ ಸುಮಾರು ನೂರಕ್ಕೆ ಆರರಷ್ಟು ವಿದ್ಯುತ್ತು ಉಳಿಯುವುದೆಂದು ಕೇಂದ್ರದ ಇಂಧನ ದಕ್ಷತಾ ಸಂಸ್ಥೆಯು ಹೇಳುತ್ತದೆ. 2020ರ ಜನವರಿ 1ರಿಂದ ಮಾರಾಟಕ್ಕೆ ಬರುವ ನಕ್ಷತ್ರಚೀಟಿಯ ಏಸಿಗಳೆಲ್ಲ ಮೊದಲಿಗೆ 24 ಡಿಗ್ರಿಯಲ್ಲಿಯೇ ಹೊರಡಬೇಕೆಂಬ ನಿಯಮವಾದುದೂ ಇದಕ್ಕಾಗಿಯೇ.

ಬಿಲ್ಲಿನ ಪೆಟ್ಟು ಬಿದ್ದ ಮೇಲೆ ಮಗನು ಫೋನಿನಿಂದ ನಡೆಯುವ ಪುಟ್ಟ ಪೆಟ್ಟಿಗೆಯೊಂದನ್ನು ಕೊಂಡನು. ಅದು ರಿಮೋಟಿನ ಕಾಣದ ಬೆಳಕನ್ನೇ ತಾನೂ ಬೀರಿ ಏಸಿಯನ್ನು ಆಳುತ್ತದೆ. ಕೋಣೆಯಲ್ಲಿ ಯಾರೂ ಇಲ್ಲವೆಂದು ಕಂಡರೆ ತಾನೇ ಅದನ್ನು ಆರಿಸುತ್ತದೆ. ಬಹಳ ಒಳ್ಳೆಯದಾಯಿತೆಂದು ಎಲ್ಲರೂ ಎಣಿಸಿದರು. ಮರುದಿನ ಮಧ್ಯಾಹ್ನ ಹೊಲದಿಂದ ಬಂದು ನೋಡುತ್ತಾನೆ, ಕದ ಕಿಟಕಿ ಮುಚ್ಚಿದ ಕೋಣೆ ಒಲೆಯಂತೆ ಕಾದಿದೆ, ತಾಯಿ ಬೆವರಿ ಸೋತು ಗೋಡೆಗೆ ಒರಗಿ ಕುಳಿತಿದ್ದಾಳೆ. ಯಂತ್ರದ ಕಣ್ಣು ನೋಡುವುದು ಅಲುಗಾಟವನ್ನು. ಜಪಮಾಲೆ ಹಿಡಿದು ಕದಲದೆ ಕುಳಿತ ಮುದುಕಿಯು ಅದಕ್ಕೆ ಕಾಣಿಸಲೇ ಇಲ್ಲ.

“ಯಪ್ಪಾ, ನಿನ್ನ ಯಂತ್ರದ ಲೆಕ್ಕದಾಗ ನಾ ಮನ್ಯಾಗ ಇಲ್ಲೇನೋ?” ಎಂದಳಂತೆ.

“ಇಲ್ಲ ಯವ್ವಾ, ಅದರ ಕಣ್ಣ ಕುರುಡೈತಿ,” ಎಂದು ಮಗನು ಅಂದೇ ಆ ಕಣ್ಣಿನ ಕೆಲಸವನ್ನು ನಿಲ್ಲಿಸಿದನು. ವೃದ್ಧರೂ ಕೂಸುಗಳೂ ರೋಗಿಗಳೂ ಇರುವ ಮನೆಯಲ್ಲಿ ಹೀಗೆ ಮಾಡುವುದೇ ಸರಿಯೆಂದು ನನ್ನ ಅಭಿಪ್ರಾಯ. ಇನ್ನೊಂದು ತೊಡಕೂ ಉಂಟು: ಕರೆಂಟು ಹೋಗಿ ಬಂದಾಗ ಇಂಟರ್ನೆಟ್ಟು ಕೂಡಲೆ ಬಾರದಿದ್ದರೆ, ದೂರದಲ್ಲಿರುವವನ ಫೋನು ಬರಿಯ ಕನ್ನಡಿ. ಆದುದರಿಂದ ಹಳೆಯ ರಿಮೋಟನ್ನು ಮುದುಕಿಯ ಕೈಗೆಟಕುವ ಗೂಡಿನಲ್ಲಿಯೇ ಇರಿಸಿದರು. ಒತ್ತಬೇಕಾದ ಗುಂಡಿಗೆ ಕುಂಕುಮದ ಬೊಟ್ಟನ್ನಿಟ್ಟಳು ಸೊಸೆ.

ಪುಟ್ಟ ಪೆಟ್ಟಿಗೆಯಿಂದ ಪ್ರಯೋಜನವಾಗಲಿಲ್ಲವೆಂದಲ್ಲ. ರಾತ್ರಿ ಹತ್ತಕ್ಕೆ 26 ಡಿಗ್ರಿಗೆ ಹಚ್ಚಿ, ಮೇಲೆ ಫ್ಯಾನನ್ನು ಮೆಲ್ಲಗೆ ತಿರುಗಿಸಿ, ನಸುಕಿನ ನಾಲ್ಕಕ್ಕೆ ತಾನೇ ಆರುವಂತೆ ಅದಕ್ಕೆ ಹೇಳಿಕೊಟ್ಟರು. ಗಾಳಿಯ ಓಟವು ಮೈಯ ಬೆವರನ್ನು ಆರಿಸುವುದರಿಂದ ಫ್ಯಾನಿನ ಕೆಳಗಿನ 26 ಡಿಗ್ರಿಯು ಮುದುಕಿಗೆ ಹಿತವಾಯಿತು. ಹಗಲಿಗೆ ಕೂಲರು ಬಂದಿತು. ನಮ್ಮ ಬೇಸಗೆಯ ಗಾಳಿ ಒಣಗಾಳಿಯಾದುದರಿಂದ ನೀರು ಬೇಗ ಆರಿ ಕೂಲರು ಚೆನ್ನಾಗಿ ತಂಪನ್ನೀಯುತ್ತದೆ. ಅದು ತಿನ್ನುವುದು 150-200 ವ್ಯಾಟು ಮಾತ್ರ. ಕಿಟಕಿಯನ್ನು ತೆರೆದಿಡಬೇಕು, ಸವುಳು ನೀರು ಹಾಕಿದರೆ ಅದರ ಹುಲ್ಲಿನ ಪಡದೆಯು ಉಪ್ಪುಗಟ್ಟಿ ಕೆಡುವುದು. ಮಳೆ ಬಿದ್ದು ಗಾಳಿಯಲ್ಲಿ ತೇವವೇರಿದ ಮೇಲೆ ಕೂಲರು ನಿಷ್ಪ್ರಯೋಜಕ.

ಎಲ್ಲಕ್ಕೂ ಮಿಗಿಲಾದ ಕೆಲಸವನ್ನು ಮಾಡಿದುದು ಸುಣ್ಣ. ಫಾಲ್ಗುಣದಲ್ಲಿಯೇ ಛತ್ತನ್ನು ಗುಡಿಸಿ ತೊಳೆದು ಎರಡು ಸಲ ಸುಣ್ಣ ಬಳಿದರು. ಬಿಳಿಯ ಮೈಯು ಬಿಸಿಲನ್ನು ಹೀರದೆ ಹಿಂದಕ್ಕೆ ಅಟ್ಟುವುದರಿಂದ, ಸಂಜೆ ಕೋಣೆಯ ಛತ್ತಿಗೆ ಕೈಚಾಚಿದರೆ ತಗಲುತ್ತಿದ್ದ ಕಾವು ಬಹಳ ತಗ್ಗಿತು. ಏಸಿಗೂ ದುಡಿಮೆ ಕಡಿಮೆಯಾಯಿತು. ಆ ತಿಂಗಳ ಬಿಲ್ಲಿನಲ್ಲಿ ಬಂದ ಅಂಕಿ 171. ಉಚಿತವನ್ನು ಮೀರಿದುದಕ್ಕೆ ಹಣ ಕೊಟ್ಟು ಬಂದ ಮಗನು ಬಿಲ್ಲನ್ನು ತಾಯಿಗೆ ಓದಿ ಹೇಳಿದನು. ಆಕೆಗೆ ಯೂನಿಟ್ಟಿನ ಲೆಕ್ಕ ತಿಳಿಯದು; ಸುಣ್ಣಕ್ಕೆ ಎಷ್ಟು ಬಿದ್ದಿತೆಂದು ಮಾತ್ರ ಕೇಳಿದಳು.

ಅಮೇರಿಕೆಯ ದುಂಡು ಯಂತ್ರವು ಇನ್ನೂ ಕಪಾಟಿನಲ್ಲಿದೆ. ದೀಪಾವಳಿಗೆ ಬಂದಾಗ ತಿರುಗಿ ಒಯ್ಯುವೆನೆಂದು ಮೊಮ್ಮಗನು ಫೋನಿನಲ್ಲಿ ತಿಳಿಸಿದ್ದಾನೆ.